ಹದಿನೆಂಟು ಮುಖಗಳಿಗೊಂದು ಹೆಡ್‌ಸೆಟ್

ದೇವನಹಳ್ಳಿ ಹತ್ತಿರದ ನಮ್ಮ ನರ್ಸಿಂಗ್ ಕಾಲೇಜಿಗೆ ವಿ.ಆರ್. ಹೆಡ್‌ಸೆಟ್ ಬಂದಾಗ ನಾನು ಎರಡನೇ ವರ್ಷದಲ್ಲಿದ್ದೆ. ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೆ ಒಂದು ವಾರ್ಡು ತೆರೆದುಕೊಳ್ಳುತ್ತಿತ್ತು. ಅಲ್ಲಿ ನೆಲ ಹೊಳೆಯುತ್ತಿತ್ತು, ರೋಗಿ ಇಂಗ್ಲಿಷಿನಲ್ಲಿ ನರಳುತ್ತಿದ್ದ, ಯಾವ ಹಾಸಿಗೆಯೂ ನಾರುತ್ತಿರಲಿಲ್ಲ. ನಾರುತ್ತಿದ್ದುದು ಹೆಡ್‌ಸೆಟ್ಟು.

ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ತುರುಬು ಕಟ್ಟಿ ಬರಬೇಕೆಂಬುದು ಕಾಲೇಜಿನ ನಿಯಮ. ನಾವು ಹದಿನೆಂಟು ಜನ, ಹೆಡ್‌ಸೆಟ್ ಒಂದೇ. ಯಾರ ಸರದಿ ಎಷ್ಟನೆಯದೆಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಆ ಗುರುವಾರ ನನ್ನದು ಹನ್ನೆರಡನೆಯದು. ಮುಖಕ್ಕೆ ಒತ್ತುವ ಸ್ಪಂಜು ಅಷ್ಟು ಹೊತ್ತಿಗೆ ಕೊಬ್ಬರಿ ಎಣ್ಣೆ, ಬೆವರು, ಪೌಡರು, ಕಾಡಿಗೆಯನ್ನೆಲ್ಲ ಕುಡಿದು ಬೇಯದ ದೋಸೆಯಂತಾಗಿತ್ತು.

ಅಂದಿನ ಪಾಠ ಕೈ ತೊಳೆಯುವುದು. ಪಾಸಾದವರಿಗೆ ಮಾತ್ರ ಸೋಮವಾರದಿಂದ ಆಸ್ಪತ್ರೆಯ ಹೆರಿಗೆ ವಾರ್ಡು. ಆಗಷ್ಟೇ ಹುಟ್ಟಿದ ಮಗುವನ್ನು ಎತ್ತಿಕೊಳ್ಳಬೇಕೆಂದು ನಾನು ಇಡೀ ವರ್ಷ ಕಾದಿದ್ದೆ.

ನನ್ನ ಮುಂಚಿನ ಸರದಿ ಜಡಿಗೇನಹಳ್ಳಿಯ ಗೆಳತಿಯದು. ಹೆಡ್‌ಸೆಟ್ ತೆಗೆದಾಗ ಅವಳ ರೆಪ್ಪೆಗಳು ಅಂಟಿಕೊಂಡಿದ್ದವು, ಎಡಗಣ್ಣು ಕೆಂಪಗಿತ್ತು.

"ಏನೇ ಇದು?"

"ಉಷ್ಣ ಕಣೇ. ರಾತ್ರಿ ಅಜ್ಜಿ ಹರಳೆಣ್ಣೆ ಬಿಟ್ರು."

"ಉಷ್ಣಕ್ಕೆ ಇಷ್ಟೊಂದ್ ಗೀಜು ಬರುತ್ತೇನೇ? ಮದ್ರಾಸ್ ಐ ಇದು."

"ಮೆತ್ತಗೆ ಮಾತಾಡೇ. ಮೇಡಂಗೆ ಕೇಳಿಸಿದ್ರೆ ಮನೆಗೆ ಕಳಿಸ್ಬಿಡ್ತಾರೆ."

ನಾನು ಪಾಠ ನಡೆಸುತ್ತಿದ್ದ ಮೇಡಂ ಹತ್ತಿರ ಹೋದೆ. "ಮೇಡಂ, ಅವಳಿಗೆ ಕಣ್ಣು ಬಂದಿದೆ. ಸ್ಪಿರಿಟ್ಟಲ್ಲಿ ಒರೆಸಿ ಹಾಕ್ಕೊಳ್ಲಾ?"

ಮೇಲೆ ಹಾದ ವಿಮಾನದ ಸದ್ದನ್ನೂ ಮೀರಿಸಿ ಮೇಡಂ ಹೇಳಿದರು: "ಲೆನ್ಸ್ ಹಾಳಾಗುತ್ತಮ್ಮ. ಏನ್ ಮಹಾರಾಣಿನಾ ನೀನು? ಹಾಕ್ಕೋ, ಇಲ್ದಿದ್ರೆ ಆಬ್ಸೆಂಟು."

ಹೆಡ್‌ಸೆಟ್ಟನ್ನು ಸೆರಗಿನಿಂದ ಒಮ್ಮೆ ಒರೆಸಿ ನನ್ನ ಕೈಗಿಟ್ಟರು.

ಹಾಕಿಕೊಂಡೆ. ಬೆಚ್ಚಗೆ, ಜಿಗುಟಾಗಿ ಕೆನ್ನೆಗೆ ಹತ್ತಿತು. ಉಸಿರು ಬಿಗಿಹಿಡಿದು, ಒಳಗೆ ಕಂಡ ನಲ್ಲಿಯ ಮುಂದೆ ಕೈಯಲ್ಲಿದ್ದ ರಿಮೋಟಿನ ಗುಂಡಿ ಒತ್ತಿ, ಇಲ್ಲದ ನೀರಿನಲ್ಲಿ ಕೈ ತೊಳೆದೆ. ನೂರಕ್ಕೆ ನೂರು.

ಭಾನುವಾರ ಬೆಳಿಗ್ಗೆ ನನ್ನ ಕಣ್ಣು ಬಿಡಿಸಲಾಗಲಿಲ್ಲ. ಫೋನ್ ಮಾಡಿದರೆ ಮೇಡಂ, "ನಾಳೆ ವಾರ್ಡಿಗೆ ಹೋಗಿ ಹಾಜರಿಯಾದ್ರೂ ಹಾಕ್ಸು" ಎಂದರು. ಸೋಮವಾರ ವಾರ್ಡಿನ ಸಿಸ್ಟರು ಬಾಗಿಲಲ್ಲೇ ತಡೆದರು.

"ಹಸುಗೂಸುಗಳಿರೋ ಜಾಗ ಇದು. ಈ ಕಣ್ಣಿಟ್ಕೊಂಡು ಬಂದಿದೀಯಲ್ಲ, ಏನ್ ಕಲಿಸ್ತಾರಮ್ಮ ನಿಮ್ಗೆ?"

"ಕೈ ತೊಳೆಯೋದನ್ನ" ಎಂದೆ. ಒಳಗೆ ಯಾವುದೋ ಕೂಸು ಅಳುತ್ತಿತ್ತು.

ನೇರ ಕಾಲೇಜಿಗೆ ಹೋದೆ. ಮೊದಲ ವರ್ಷದವರು ಎಣ್ಣೆ ತಲೆಗಳಲ್ಲಿ ಹೆಡ್‌ಸೆಟ್ಟಿಗಾಗಿ ಸಾಲಾಗಿ ನಿಂತಿದ್ದರು. ಗ್ಲೌಸ್ ಹಾಕಿ ಅದರ ಸ್ಪಂಜನ್ನು ಕಿತ್ತು, ಸೋಂಕಿನ ಕಸದ ಹಳದಿ ಚೀಲಕ್ಕೆ ಎಸೆದೆ.

"ಏಯ್, ಅದು ಕಾಲೇಜಿನ ಸಾಮಾನು!" ಎಂದು ಮೇಡಂ ಕೂಗಿದರು.

ಚೀಲದ ಬಾಯಿ ಬಿಗಿದು ಕಟ್ಟಿದೆ.