ಕ್ಯಾಮೆರಾ ಮುಂದೆ ಮುನಿಗಂಗಮ್ಮ

ಕಗ್ಗದಾಸಪುರದ ಮುನಿಗಂಗಮ್ಮನವರು ಮನೆಯ ಕೊರತೆಯನ್ನು ಹೊರಗಿನವರ ಕಣ್ಣಿಗೆ ಬೀಳಗೊಡುವವರಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಮನೆ ನೋಡಲು ಯಾರಾದರೂ ಬಂದರೆ, ಗೋಡೆ ಒದ್ದೆಯಾದ ಕಡೆಯೇ ದೇವರ ಕ್ಯಾಲೆಂಡರ್ ತೂಗುತ್ತಿರುತ್ತದೆ. ಗಂಡ ಮುನಿಆಂಜನಪ್ಪನವರು ನೆಂಟರ ಮದುವೆಯಲ್ಲಿ ಮುಹೂರ್ತದ ಹೊತ್ತಿಗೇ ಗೊರಕೆ ಹೊಡೆದಾಗ, "ಮಂತ್ರ ಕೇಳಿದ್ರೆ ಅವ್ರಿಗೆ ಹಂಗೇ ಧ್ಯಾನ ಹತ್ಬಿಡುತ್ತೆ" ಎಂದು ಬೀಗರನ್ನೇ ನಂಬಿಸಿದ ಗಟ್ಟಿಗಿತ್ತಿ ಈಕೆ.

ಒಂದು ಬೆಳಿಗ್ಗೆ ತಿಂಡಿಗೆ ಕೂತ ಮುನಿಆಂಜನಪ್ಪನವರ ಎಡಗೈ ಇದ್ದಕ್ಕಿದ್ದಂತೆ ಜೋತುಬಿತ್ತು, ಮಾತು ತೊದಲಿತು. ಕೆಳಗಿನ ಮನೆಯ ಬಾಡಿಗೆದಾರ ಕಾರು ತೆಗೆದು ಸಿ.ವಿ. ರಾಮನ್ ನಗರದ ಸಣ್ಣ ನರ್ಸಿಂಗ್ ಹೋಮ್‌ಗೆ ಮುಟ್ಟಿಸಿದ. ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ತಜ್ಞರು ಅಲ್ಲಿರಲಿಲ್ಲ. ಡ್ಯೂಟಿ ಡಾಕ್ಟರ್ ಅರೀಬಾ ಚಕ್ರದ ಸ್ಟ್ಯಾಂಡಿನ ಮೇಲಿದ್ದ ಪರದೆಯೊಂದನ್ನು ತಳ್ಳಿಕೊಂಡು ಬಂದರು.

"ಅಮ್ಮಾ, ಇದು ಸ್ಟ್ರೋಕು, ಲಕ್ವ ಅಂತಾರಲ್ಲ ಅದೇ. ದೊಡ್ಡಾಸ್ಪತ್ರೆ ಡಾಕ್ಟ್ರು ವಿಡಿಯೋದಲ್ಲೇ ನೋಡ್ತಾರೆ. ಅವ್ರು ಹೂಂ ಅಂದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಇಲ್ಲೇ ಕೊಡ್ತೀನಿ. ಟ್ರಾಫಿಕ್ಕಲ್ಲಿ ಅಲ್ಲೀವರ್ಗೂ ಹೋಗೋಷ್ಟ್ರಲ್ಲಿ ಹೊತ್ತು ಮೀರೋಗುತ್ತೆ, ಕೈ ವಾಪಸ್ ಬರಲ್ಲ."

ಕ್ಯಾಮೆರಾ ಎಂದ ಮೇಲೆ ಮುನಿಗಂಗಮ್ಮನವರಿಗೆ ಸುಮ್ಮನಿರಲಾದೀತೆ? ಸೆರಗಿನಿಂದ ಗಂಡನ ಬಾಯಿ ಒರೆಸಿದರು, ತಲೆ ಬಾಚಿದರು, ವಾಲುತ್ತಿದ್ದ ಕಡೆಗೆ ದಿಂಬು ಒತ್ತುಕೊಟ್ಟು ಕುತ್ತಿಗೆಯವರೆಗೆ ಹೊದಿಕೆ ಎಳೆದರು.

ಪರದೆಯಲ್ಲಿ ಕನ್ನಡಕದ ಡಾಕ್ಟರು ಕಾಣಿಸಿಕೊಂಡರು. "ಯಜಮಾನ್ರೇ, ನಿಮ್ಮ ಹೆಸ್ರು ಹೇಳಿ."

"ಮುನಿಆಂಜನಪ್ಪ ಸಾರ್," ಎಂದು ಹೆಂಡತಿಯ ಉತ್ತರ ಹೋಯಿತು.

"ಅವ್ರೇ ಹೇಳ್ಲಿ ಅಮ್ಮಾ."

"ಅವ್ರು ಮೊದ್ಲಿಂದ್ಲೂ ಮಾತು ಕಮ್ಮಿ."

ಡಾಕ್ಟರು ನಕ್ಕು, "ಎರಡೂ ಕೈ ಮುಂದೆ ಎತ್ತಿ ಹಿಡ್ಕೊಳ್ಳಿ" ಎಂದರು. ಬಲಗೈ ಎದ್ದಿತು. ಎಡಗೈಯೂ ಎದ್ದಿತು! ಹೊದಿಕೆಯ ಮರೆಯಿಂದ ಮೊಣಕೈಗೆ ಆಸರೆ ಕೊಟ್ಟಿದ್ದದ್ದು ಮುನಿಗಂಗಮ್ಮನವರು.

"ಕೈ ಚೆನ್ನಾಗೇ ಇದ್ಯಲ್ಲ! ಹಾಗಿದ್ರೆ ಇಂಜೆಕ್ಷನ್ ಬೇಡ. ಅದ್ರಿಂದ ತಲೇಲಿ ರಕ್ತ ಸೋರೋ ಅಪಾಯಾನೂ ಇರುತ್ತೆ."

ಅರೀಬಾಗೆ ಅನುಮಾನ ಬಂತು. ಹೊದಿಕೆ ಸರಿಸಿದರು. "ಅಯ್ಯೋ, ನೀವು ಹಿಡ್ಕೊಂಡಿದೀರಾ! ಬಿಡಿ ಅಮ್ಮಾ."

"ಬಿಟ್ರೆ ಬಿದ್ದೋಗುತ್ತಮ್ಮಾ."

"ಬೀಳ್ಲಿ. ಬೀಳೋದನ್ನೇ ಅವ್ರು ನೋಡ್ಬೇಕು."

ಮುನಿಗಂಗಮ್ಮನವರು ಬಿಟ್ಟರು. ಕೈ ಧೊಪ್ಪನೆ ಬಿತ್ತು. ಅದನ್ನು ನೋಡಿ ಅವರು ನರ್ಸುಗಳ ಮುಂದೆಯೇ, ಕ್ಯಾಮೆರಾದ ಮುಂದೆಯೇ ಗೊಳೋ ಎಂದು ಅತ್ತರು. ಡಾಕ್ಟರು ಮಾತ್ರ ಒಂದು ಗಳಿಗೆಯೂ ತಡಮಾಡದೆ, "ಈಗ್ಲೇ ಕೊಡಿ ಅರೀಬಾ" ಎಂದರು. ಮುನಿಗಂಗಮ್ಮ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಔಷಧ ನರಕ್ಕೆ ಇಳಿಯುತ್ತಿತ್ತು.

ಮರುದಿನ ಪರದೆ ಮತ್ತೆ ಮಂಚದ ಬಳಿ ಬಂತು. ಈ ಸಲ ಮುನಿಗಂಗಮ್ಮನವರು ಯಾರೂ ಹೇಳದೆಯೇ ದೂರ ಹೋಗಿ, ಬಾಗಿಲ ಬಳಿ ನಿಂತರು. "ಕೈ ಎತ್ತಿ" ಎಂದರು ಡಾಕ್ಟರು. ಎಡಗೈ ನಡುಗುತ್ತ ಮೇಲೆದ್ದಿತು, ಅಲ್ಲೇ ನಿಂತಿತು.

ಮುನಿಆಂಜನಪ್ಪನವರು ಪರದೆಯಿಂದ ಕಣ್ಣು ಕೀಳದೆ, ತುಸು ತೊದಲುತ್ತಲೇ ಎಡಕ್ಕೆ ಪಿಸುಗುಟ್ಟಿದರು: "ಬಿಡ್ಬೇಡ ಕಣೇ, ಡಾಕ್ಟ್ರು ನೋಡ್ತಾವ್ರೆ."

"ನಾನ್ ಹಿಡ್ಕೊಂಡಿಲ್ಲ ಕಣ್ರೀ!" ಎಂದು ಮುನಿಗಂಗಮ್ಮನವರು ಬಾಗಿಲ ಬಳಿಯಿಂದ ತಮ್ಮೆರಡೂ ಕೈ ಎತ್ತಿ ತೋರಿಸಿದರು.