ನೂರು ಸುತ್ತಿನ ಮೊಳೆ

ಏಳನೇ ತರಗತಿಗೆ ವಿದ್ಯುತ್ಕಾಂತದ ಪಾಠ ಮಾಡುವ ಮುನ್ನ ನಾನು ಎಲ್ಲವನ್ನೂ ಮನೆಯಲ್ಲಿ ಒಮ್ಮೆ ಮಾಡಿ ನೋಡುತ್ತೇನೆ. ಮಕ್ಕಳ ಮುಂದೆ ಪ್ರಯೋಗ ಕೈಕೊಟ್ಟರೆ ಮೇಡಮ್ಮಿನ ಮರ್ಯಾದೆ ಆ ವರ್ಷ ವಾಪಸ್ಸು ಬರುವುದಿಲ್ಲ. ಕಳೆದ ಸಲ ಬಿನ್ನಿಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿಂದ ಒಂದಿಷ್ಟು ತಾಮ್ರದ ತಂತಿ ಕೇಳಿ ತಂದೆ. ಜೊತೆಗೆ ಉದ್ದನೆಯ ಕಬ್ಬಿಣದ ಮೊಳೆಗಳು, ಹೊಸ ಸೆಲ್ಲುಗಳು, ಒಂದು ಡಬ್ಬಿ ಗುಂಡುಪಿನ್ನು. ಚಾಮರಾಜಪೇಟೆಯ ಬಾಡಿಗೆ ಮನೆಯ ನಡುಮನೆಯಲ್ಲಿ ಭಾನುವಾರ ಬೆಳಿಗ್ಗೆ ಇಷ್ಟನ್ನೂ ಹರಡಿಕೊಂಡು ಕೂತೆ.

ಎದುರಿಗೆ ಅಮ್ಮ. ಆರು ತಿಂಗಳ ಹಿಂದೆ ಅವಳಿಗೆ ಸಣ್ಣದಾಗಿ ಸ್ಟ್ರೋಕ್ ಆಗಿತ್ತು. ಮಾತು ಬಂತು, ನಡಿಗೆ ಬಂತು, ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಗಾಂಧಿಬಜಾರಿನ ಹೂವಿನಂಗಡಿಗೆ ಮೂವತ್ತು ವರ್ಷ ಹೂ ಕಟ್ಟಿಕೊಟ್ಟ ಕೈ ಅದು, ನನ್ನ ಬಿ.ಎಡ್. ಆದದ್ದೂ ಅದರಿಂದಲೇ. ಬೆರಳುಗಳಿಗೆ ಕೆಲಸ ಕೊಡುತ್ತಿರಬೇಕು ಎಂದು ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಅಮ್ಮ ಅದನ್ನು ಫ್ರಿಜ್ಜಿನ ಮೇಲಿಟ್ಟವಳು ಮತ್ತೆ ಮುಟ್ಟಲಿಲ್ಲ. ದೇವರಿಗೆ ಬೇರೆ ಯಾರೋ ಕಟ್ಟಿದ ಹೂವನ್ನು ನಾನು ಮೊಳದ ಲೆಕ್ಕದಲ್ಲಿ ತರುತ್ತಿದ್ದೆ. ಅವಳು ಅದರ ಕಡೆ ನೋಡುತ್ತಲೂ ಇರಲಿಲ್ಲ.

ಒಂದು ಮೊಳೆಗೆ ಇಪ್ಪತ್ತು ಸುತ್ತು ಸುತ್ತಿದೆ. ತಂತಿಯ ತುದಿಗಳ ವಾರ್ನಿಷನ್ನು ಬ್ಲೇಡಿನಿಂದ ಕೆರೆದು ಸೆಲ್ಲಿಗೆ ಮುಟ್ಟಿಸಿದಾಗ ನಾಲ್ಕು ಪಿನ್ನು ಎದ್ದವು. ನಲವತ್ತು ಸುತ್ತಿಗೆ ಎಂಟು. ಇನ್ನು ನೂರು ಸುತ್ತಿನದೊಂದು ಬೇಕಿತ್ತು, ಆದರೆ ನನಗೆ ತಾಳ್ಮೆ ಕಡಿಮೆ. ಮೊಳೆಯನ್ನೂ ತಂತಿಯನ್ನೂ ಅಮ್ಮನ ಮಡಿಲಲ್ಲಿಟ್ಟು, "ನೂರು ಸುತ್ತು ಹಾಕ್ಕೊಡು, ನಂಗೆ ಅಡುಗೆ ಇದೆ" ಎಂದೆ. ಬೇಡ ಎನ್ನುತ್ತಾಳೆಂದೇ ಅಂದುಕೊಂಡಿದ್ದೆ.

ಊಟ ಮುಗಿದು ಮೂರು ಗಂಟೆಯಾದರೂ ಅವಳು ಬಿಡಲಿಲ್ಲ. ತುಟಿ ಅಲ್ಲಾಡಿಸಿ ಎಣಿಸುತ್ತಿದ್ದಳು. ನಾಲ್ಕಕ್ಕೆ ಮೊಳೆ ನನ್ನ ಕೈಗೆ ಬಂತು. ಸುತ್ತುಗಳು ಒತ್ತೊತ್ತಾಗಿ, ನನ್ನವಕ್ಕಿಂತ ಅಂದವಾಗಿದ್ದವು. ತುದಿ ಕೆರೆದು ಸೆಲ್ಲಿಗೆ ಮುಟ್ಟಿಸಿದೆ. ಒಂದು ಪಿನ್ನೂ ಅಲುಗಲಿಲ್ಲ. ಮತ್ತೆ ಕೆರೆದೆ, ಸೆಲ್ಲು ಬದಲಿಸಿದೆ. ಊಹೂಂ. ತಂತಿಯೇನೋ ಬೆಚ್ಚಗಾಗುತ್ತಿತ್ತು, ಅಂದರೆ ಕರೆಂಟು ಹರಿಯುತ್ತಿತ್ತು.

"ಬಿಡೇ, ಈ ಕೈ ಕಥೆ ಮುಗೀತು," ಎಂದಳು ಅಮ್ಮ. "ಇನ್ಮೇಲೆ ನಂಗೇನೂ ಕೊಡ್ಬೇಡ." ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಸುಮ್ಮನೆ ಕೂತಿದ್ದವಳಿಗೆ ಕೆಲಸ ಕೊಟ್ಟು, ಕೈಲಾಗುವುದಿಲ್ಲ ಎಂದು ನಾನೇ ತೋರಿಸಿಕೊಟ್ಟಂತಾಗಿತ್ತು.

ಮೊಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಸುತ್ತು ಬಲಕ್ಕೆ, ಪಕ್ಕದ್ದು ತಂತಿಯನ್ನು ಹಿಂದಕ್ಕೆ ಮಡಚಿ ಎಡಕ್ಕೆ. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಒಂದು ಸುತ್ತಿನ ಬಲವನ್ನು ಪಕ್ಕದ ಸುತ್ತು ಅಳಿಸಿಹಾಕುತ್ತಿತ್ತು. ಎಲ್ಲವೂ ಒಂದೇ ದಿಕ್ಕಿಗಿರಬೇಕೆಂದು ನಾನು ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದು ಹೊಳೆದೂ ಇರಲಿಲ್ಲ. ಅಮ್ಮ ಮಲ್ಲಿಗೆ ಕಟ್ಟುವುದೇ ಹಾಗೆ: ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರದ ಕುಣಿಕೆ ಒಮ್ಮೆ ಹೀಗೆ, ಒಮ್ಮೆ ಹಾಗೆ. ಒಂದೊಂದಾಗಿ ಎಣಿಸಿದೆ. ಐವತ್ತು ಬಲಕ್ಕೆ, ಐವತ್ತು ಎಡಕ್ಕೆ.

ಪಕ್ಕದಲ್ಲಿ ಕೂತು ಅವಳಿಗೆ ತೋರಿಸಿದೆ. "ನೋಡಮ್ಮ, ನಿನ್ ಕೈ ಹೂ ಕಟ್ಟಿದೆ. ನಾಲ್ಕೈದು ಕಡೆ ತಪ್ಪಿದ್ರೂ ಒಂದಾದ್ರೂ ಪಿನ್ನು ಏಳ್ತಿತ್ತು. ಒಂದ್ ಕಡೇನೂ ತಪ್ಪಿಲ್ಲ."

ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆಂದು ಅವಳಿಗೆ ಅನುಮಾನ. ಮೊಳೆ ಕಿತ್ತುಕೊಂಡು, ಸೆರಗಿನಿಂದ ಬಲಗೈ ತೆಗೆದು, ಹೆಬ್ಬೆರಳಿನಿಂದ ತಲೆಯಿಂದ ತುದಿಯವರೆಗೆ ತಡವುತ್ತ ತಾನೇ ಎಣಿಸಿದಳು.

"ಬಜಾರಿಗೆ ಹೋದ್ರೆ ಕಾಲ್ ಕೆಜಿ ಮೊಗ್ಗು ತಗೊಂಡ್ ಬಾ," ಎಂದಳು ಕೊನೆಗೆ. "ಬಿಡಿ ಮೊಗ್ಗು. ಕಟ್ಟಿರೋದು ತರ್ಬೇಡ."