ಲೇತಿನ ಸದ್ದಿಗೆ ಕಿವಿಗೊಟ್ಟವನು

ಚನ್ನಪಟ್ಟಣದ ಆ ಲ್ಯಾಪ್‌ಟಾಪ್ ರಿಪೇರಿಯವನು ಕರೆಂಟನ್ನು ನಂಬುತ್ತಿರಲಿಲ್ಲ. ನಾನು ಅವನನ್ನು ನಂಬುತ್ತಿರಲಿಲ್ಲ. ಪದೇ ಪದೇ ನಿಂತುಹೋಗುತ್ತಿದ್ದ ನನ್ನ ಲ್ಯಾಪ್‌ಟಾಪಿಗೆ ಬಯಾಸ್ ಎಂಬ ಮೂಲ ತಂತ್ರಾಂಶದ ಹೊಸ ಆವೃತ್ತಿ ಹಾಕಬೇಕೆಂದು ಅವನೇ ಹೇಳಿದ್ದ. ಪೆನ್‌ಡ್ರೈವ್ ಇನ್ನೂ ಅಪರೂಪವಾಗಿದ್ದ ಕಾಲ. ತನ್ನದೊಂದನ್ನು ನನ್ನೆದುರೇ ಅಳಿಸಿ, ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಆಗುವಂತೆ ಸಿದ್ಧಮಾಡಿ, ಕೈಕಟ್ಟಿ ಕೂತ.

"ತಡೀರಿ ಸಾ. ನಿಮ್ ಬ್ಯಾಟ್ರಿ ಸತ್ತೈತೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡೂ ಸತ್ತೋಯ್ತದೆ. ಬುಟ್ಟೋಗಿ, ಸಂಜೆಗೆ ಬನ್ನಿ."

ಬಿಟ್ಟುಹೋದರೆ ನನ್ನ ಫೋಟೋ, ಪತ್ರಗಳನ್ನೆಲ್ಲ ಆ ಡ್ರೈವಿಗೆ ಇಳಿಸಿಕೊಳ್ಳುತ್ತಾನೆಂದು ನಾನು ಸ್ಟೂಲಿನಿಂದ ಏಳಲಿಲ್ಲ. ಅವನು ಎದುರಂಗಡಿಯಲ್ಲಿ ಬೊಂಬೆ ಕಡೆಯುವ ಲೇತಿನ ಸದ್ದಿಗೆ ಕಿವಿಗೊಟ್ಟಿದ್ದ. ಸದ್ದು ನಿಂತಿತು, ಕರೆಂಟ್ ಹೋಗಿತ್ತು. ಮತ್ತೆ ಬಂದಾಗಲೂ "ತಡೀರಿ ಸಾ" ಎಂದ. ಲೇತು ಅರ್ಧ ಗಂಟೆ ಒಂದೇ ಸಮ ತಿರುಗಿದ ಮೇಲೆಯೇ ಡ್ರೈವ್ ಸಿಕ್ಕಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿಟ್ಟ.

ಕೆಲಸ ಮುಗಿದೊಡನೆ ಪೆನ್‌ಡ್ರೈವ್ ಕಿತ್ತು ನನ್ನ ಅಂಗೈಯಲ್ಲಿಟ್ಟ.

"ಮನೇಲಿ ನೋಡ್ಕಳಿ ಸಾ. ನಿಮ್ದೇನೂ ಇದ್ರಲ್ಲಿಲ್ಲ ಅಂತ ಗೊತ್ತಾದ್ ಮ್ಯಾಲೆ ತಂದ್ಕೊಡಿ."

ಮನೆಯಲ್ಲಿ ನೋಡಿದೆ. ಬಯಾಸ್ ಫೈಲು ಬಿಟ್ಟರೆ ಏನೂ ಇರಲಿಲ್ಲ.

ಆ ಡ್ರೈವ್ ಈಗಲೂ ನನ್ನ ಬಳಿಯೇ ಇದೆ.